ಸೂಲಗಿತ್ತಿ ಹಾಕಿದ ನೀರು

ನನ್ನ ಅಜ್ಜನ ಅಜ್ಜಿ ಇಸಾಬೆಲ್ಲಾ ಅವರಿಗೆ,

ಮಸ್ಕತ್ತಿನ ದಾರ್ಸೈಟ್‌ನಿಂದ, ನೀವು ನೋಡದ ಪ್ರಿನ್ಸಿಯ ನಮಸ್ಕಾರ.

ನನಗೆ ಎಲ್ಲದಕ್ಕೂ ಟೆನ್ಶನ್ ಅಜ್ಜಿ. ಮಸ್ಕತ್ತಿನ ಕಾಲೇಜು ಸೇರಿ ಮೂರು ತಿಂಗಳಾದರೂ ಕ್ಲಾಸಿನಲ್ಲಿ ರೋಲ್ ನಂಬರ್ ಎರಡು ಸಲ ಕರೆದ ಮೇಲೆಯೇ ‘ಪ್ರೆಸೆಂಟ್’ ಎನ್ನುತ್ತೇನೆ. ಐದನೇ ಕ್ಲಾಸಿನಿಂದ ಮಂಗಳೂರಿನ ಹಾಸ್ಟೆಲಿನಲ್ಲಿದ್ದವಳು. ಯಾರಾದರೂ ಸ್ವರ ಏರಿಸಿದರೆ ಮೊದಲು ಸಾರಿ ಹೇಳಿ, ಯಾಕೆಂದು ಆಮೇಲೆ ಯೋಚಿಸುವ ಅಭ್ಯಾಸ. ಇವತ್ತು ಸಾರಿ ಹೇಳಲಿಲ್ಲ.

ಡ್ಯಾಡಿಯ ಅಣ್ಣ ಓಲ್ವಿನ್ ಬಾಪ್ಪು ನಮ್ಮ ಕುಟುಂಬದ ಪುಸ್ತಕ ಮಾಡಿಸುತ್ತಿದ್ದಾರೆ. ಮೇ ರಜೆಯಲ್ಲಿ ಊರಿನ ಇಗರ್ಜಿಯ ಹಳೆಯ ರಿಜಿಸ್ಟರುಗಳ ಫೋಟೋ ತೆಗೆಯಲು ನನ್ನನ್ನು ಕಳಿಸಿದ್ದರು. ನಿಮ್ಮ ಹುಟ್ಟಿನ ಪುಟವನ್ನು ಗೆದ್ದಲು ತಿಂದಿತ್ತು. ಮದುವೆಯ ಪುಟದಲ್ಲಿ ನಿಮ್ಮ ಸಹಿಯ ಜಾಗದಲ್ಲಿ ಒಂದು ಶಿಲುಬೆ ಗುರುತು. ಆದರೆ ಬೇರೆಯವರ ಮಕ್ಕಳ ಪುಟಗಳಲ್ಲಿ ನೀವು ಮತ್ತೆ ಮತ್ತೆ ಸಿಕ್ಕಿದಿರಿ. ಇಗರ್ಜಿಯ ಈಗಿನ ಪಾದ್ರಿ ಫಾದರ್ ಬಾಸಿಲ್ ಲ್ಯಾಟಿನ್ ಸಾಲುಗಳ ಮೇಲೆ ಬೆರಳಿಟ್ಟು ಅರ್ಥ ಹೇಳಿದರು: ಮಗು ಉಳಿಯುವ ಹಾಗಿರಲಿಲ್ಲ, ಪಾದ್ರಿ ಬರುವಷ್ಟು ಸಮಯವಿರಲಿಲ್ಲ, ಮನೆಯಲ್ಲೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಟವಳು ಸೂಲಗಿತ್ತಿ ಇಸಾಬೆಲ್ಲಾ. ಹೀಗೆ ಇಪ್ಪತ್ತೇಳು ಸಲ. ಹದಿನೆಂಟು ಹೆಸರುಗಳು ಮರಣದ ರಿಜಿಸ್ಟರಿನಲ್ಲೂ ಇದ್ದವು, ಕೆಲವು ಅದೇ ದಿನ.

ಬದುಕಿ ಉಳಿದವರಲ್ಲೊಬ್ಬ ನಿಮ್ಮದೇ ಮೊಮ್ಮಗ ಜಾರ್ಜ್. ನನ್ನ ಅಜ್ಜ, ಬಾಪ್ಪುವಿನ ಅಪ್ಪ. ಮಗು ಬದುಕಿದ ಮೇಲೆ ಪಾದ್ರಿ ಎಣ್ಣೆ ಹಚ್ಚಿ ಪ್ರಾರ್ಥನೆ ಮಾತ್ರ ಮುಗಿಸಿದರಂತೆ. ಸೂಲಗಿತ್ತಿ ಕೊಟ್ಟರೂ ಜ್ಞಾನಸ್ನಾನ ಜ್ಞಾನಸ್ನಾನವೇ; ಒಮ್ಮೆ ಹಾಕಿದ ನೀರನ್ನು ಬಿಷಪರೂ ಎರಡನೇ ಸಲ ಹಾಕುವಂತಿಲ್ಲ.

ಪುಸ್ತಕದಲ್ಲಿ ಬಾಪ್ಪು ನಿಮ್ಮ ಹೆಸರನ್ನೇ ಬರೆದಿಲ್ಲ. ಗಂಡನ ಹೆಸರಿನ ಕೆಳಗೆ ‘ಪತ್ನಿ, ಗೃಹಿಣಿ’ ಅಷ್ಟೆ. ಯಾಕೆಂದು ಕೇಳಿದೆ. ಮಗಳು ನಿಖಿತಾಳಿಗೆ ಅವರು ಗಂಡು ಹುಡುಕುತ್ತಿದ್ದಾರೆ. “ಎಂತ ಮಾರಾಯ್ತಿ, ಕಂಡವರ ಬಾಣಂತನ ಮಾಡಿದವಳು ಅಂತ ಬರೆದರೆ ನಾಳೆ ನೋಡ್ಲಿಕ್ಕೆ ಬರುವವರು ನಮ್ಮನ್ನು ಯಾವ ಮನೆತನ ಅಂತಾರೆ?” ಎಂದರು.

ಇವತ್ತು ಶುಕ್ರವಾರ, ಇಲ್ಲಿನ ಬಾಪ್ಪುವಿನ ಫ್ಲ್ಯಾಟಿನಲ್ಲಿ ಎಲ್ಲರೂ ಸೇರಿದ್ದೆವು. ವರ್ಷಕ್ಕೊಮ್ಮೆ ಹೀಗೆ ಸೇರಿದಾಗ ಊಟಕ್ಕೆ ಮೊದಲು ತೀರಿಹೋದವರ ಹೆಸರುಗಳನ್ನು ಓದಿ ಪ್ರಾರ್ಥಿಸುವುದು ನಮ್ಮ ಮನೆಯ ಕ್ರಮ. ಇಲ್ಲೇ ಬೆಳೆದ ಮಕ್ಕಳಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಹಾಸ್ಟೆಲ್ ನನಗೆ ಕೊಟ್ಟದ್ದು ಅದೊಂದೇ. ಹಾಗಾಗಿ ಓದುವ ಕೆಲಸ ನನ್ನದು. ಪುಸ್ತಕದ ಹಾಳೆ ಹಿಡಿದು, ಅದರಲ್ಲಿಲ್ಲದ್ದನ್ನು ಓದಿದೆ: ಸೂಲಗಿತ್ತಿ ಇಸಾಬೆಲ್ಲಾ.

“ಹಾಗೆ ಬರೆದಿಲ್ಲ ಅಲ್ಲಿ,” ಎಂದರು ಬಾಪ್ಪು. “ಸುರುವಿನಿಂದ ಓದು. ಅದನ್ನು ಬಿಟ್ಟು.”

ನಾಲಿಗೆಯ ತುದಿಗೆ ಸಾರಿ ಬಂದಿತ್ತು ಅಜ್ಜಿ. ನುಂಗಿದೆ. “ಇಗರ್ಜಿಯಲ್ಲಿ ಬರೆದುಂಟು ಬಾಪ್ಪು. ಅಜ್ಜನ ಹೆಸರಿನ ಪಕ್ಕದಲ್ಲೇ.”

ಅಡುಗೆಮನೆಯ ಬಾಗಿಲಲ್ಲಿ ಊಟದ ತಟ್ಟೆ ಹಿಡಿದು ನಿಂತಿದ್ದ ನಿಖಿತಾ, “ಓದು ಪ್ರಿನ್ಸಿ. ನೋಡ್ಲಿಕ್ಕೆ ಬಂದವರಿಗೆ ನಾನೇ ಹೇಳ್ತೇನೆ,” ಎಂದಳು.

ಸುರುವಿನಿಂದ ಓದಿದೆ. ನಿಮ್ಮನ್ನು ಬಿಡಲಿಲ್ಲ.

ಪುಸ್ತಕದಲ್ಲಿ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಹಾಕದಿದ್ದರೂ, ಮುಂದಿನ ವರ್ಷ ಓದುವವಳು ನಾನೇ.

ಆ ಇಪ್ಪತ್ತೇಳು ತಲೆಗಳ ಮೇಲೆ ನೀರು ಹಾಕಿದ ಕೈಯಿಂದ ನನ್ನ ತಲೆಗೂ ಮೂರು ಹನಿ ಹಾಕಿ ಅಜ್ಜಿ. ನಿಮಗೆ ನಿತ್ಯ ಶಾಂತಿ ಇರಲಿ.

ನಿಮ್ಮ ಜಾರ್ಜನ ಮೊಮ್ಮಗಳು,
ಪ್ರಿನ್ಸಿ