ಟವೆಲ್ಲಿನಡಿ ಹಿಡಿದ ಬೆರಳೂ ತಮ್ಮ ಉದ್ಯಮಶೀಲತೆಯ ಪಾಠವೂ

ಹೈಸ್ಕೂಲು ಮಕ್ಕಳನ್ನು ಉದ್ಯಮಿಗಳನ್ನಾಗಿ ಮಾಡಲು ಹೊರಟಿರುವ ವಿದ್ಯಾ ಇಲಾಖೆಯ ಮಾನ್ಯ ಅಧಿಕಾರಿಗಳೇ,

ತಾವು ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡಿದ್ದಕ್ಕೆ, ನನ್ನ ಮಗಳು ಗಿರಿಜಾಂಬಿಕಾಳನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಬಾರದೆಂದು ಬರೆದುಹೋಗಿದ್ದೀರಿ. ಕಾರಣ, 'ಅಸಭ್ಯ ವರ್ತನೆ'. ಆ ಮಾತು ಈಗ ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ನಮ್ಮ ಹಿತ್ತಲಿನವರೆಗೂ ಓಡಾಡುತ್ತಿದೆ. ಹಾಗಾಗಿ ನನ್ನ ಉತ್ತರವೂ ನಾಲ್ಕು ಜನರ ಎದುರಿಗೇ ಇರಲಿ.

ನಾನು ಎತ್ತಿನ ವ್ಯಾಪಾರದ ದಲ್ಲಾಳಿ. ಈ ವರ್ಷ ನಮ್ಮ ಹೈಸ್ಕೂಲಿಗೆ ತಾವು ದಯಪಾಲಿಸಿದ 'ಉದ್ಯಮಶೀಲತೆ' ಎಂಬ ಹೊಸ ಪುಸ್ತಕವನ್ನು ನಾನೂ ಓದಿದೆ. ಇಷ್ಟು ವರ್ಷ ಹೊಟ್ಟೆ ಹೇಗೆ ಹೊರೆದೆನೋ ಎಂದು ನನಗೇ ಆಶ್ಚರ್ಯವಾಯಿತು. ಮಾರುವವನು ಸದಾ ನಗುಮುಖದಿಂದ ಇರಬೇಕಂತೆ! ನಮ್ಮ ಸಂತೆಯಲ್ಲಿ ಮಾರುವವನು ನಕ್ಕರೆ ಕೊಳ್ಳುವವನು ಮೊದಲು ಎತ್ತಿನ ಕಾಲು ನೋಡುತ್ತಾನೆ. ಇದನ್ನು ಬರೆದ ಮಹನೀಯರು ಜೀವಮಾನದಲ್ಲಿ ಒಂದು ಕಂತೆ ಸೊಪ್ಪನ್ನಾದರೂ ಮಾರಿದ್ದಾರೆಯೇ? ತಿಂಗಳ ಮೊದಲ ತಾರೀಕು ಸಂಬಳ ಎಣಿಸುವವರು ನಷ್ಟವನ್ನು ಎದುರಿಸುವ ಧೈರ್ಯದ ಬಗ್ಗೆ ಒಂದಿಡೀ ಅಧ್ಯಾಯ ಬರೆದಿದ್ದಾರಲ್ಲ, ಆ ಧೈರ್ಯಕ್ಕೆ ಮಾತ್ರ ನಾನು ಕೈಮುಗಿಯುತ್ತೇನೆ.

ಪ್ರಾಯೋಗಿಕ ಪರೀಕ್ಷೆಗೆ ಖುದ್ದಾಗಿ ತಾವೇ ಬಂದಿರಿ. ಮಕ್ಕಳೆಲ್ಲ ಪುಸ್ತಕದ ಸಾಲುಗಳನ್ನು ಒಪ್ಪಿಸಿದರು, ತಾವು ತಲೆದೂಗಿದಿರಿ. ನನ್ನ ಮಗಳ ಸರದಿ ಬಂದಾಗ ದಲ್ಲಾಳಿಯ ಮಗಳೆಂದು ಯಾರೋ ಹೇಳಿದರು. ತಮಗೆ ಸ್ವಲ್ಪ ತಮಾಷೆ ಬೇಕೆನಿಸಿತು. "ನಿಮ್ಮ ಜೋಡೆತ್ತು ಕೊಳ್ಳೋಕೆ ಬಂದಿದ್ದೀನಿ ಅಂದ್ಕೊ. ವ್ಯಾಪಾರ ಕುದುರಿಸು, ನೋಡೋಣ" ಎಂದಿರಿ. ಅವಳು ಬಾಗಿಲಲ್ಲಿ ನಿಂತಿದ್ದ ಜವಾನ ಮಾಯಣ್ಣನ ಹೆಗಲಿನಿಂದ ಟವೆಲ್ ಇಸಿದುಕೊಂಡು ತಮ್ಮ ಕೈಮೇಲೆ ಹೊದಿಸಿ, ಅದರಡಿಯಲ್ಲಿ ತಮ್ಮ ಬೆರಳುಗಳನ್ನು ಹಿಡಿದು, "ಇಷ್ಟು ಸಾವಿರ. ಒಪ್ಪಿಗೇನಾ ಸಾರ್?" ಎಂದಳು. ತಾವು ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತಂತೆ.

ಸ್ವಾಮಿ, ಎತ್ತಿನ ವ್ಯಾಪಾರವನ್ನು ನಮ್ಮಲ್ಲಿ ಹಾಗೆಯೇ ಮಾಡುವುದು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಇಷ್ಟು ಬೆರಳಿಗೆ ಇಷ್ಟು ಬೆಲೆ ಎಂದು ತಿಳಿಸುತ್ತೇವೆ. ಎತ್ತಿನ ಮಾತೆತ್ತಿದವರು ತಾವು. ಅದು ಎಲ್ಲಿ, ಹೇಗೆ ಮಾರಾಟವಾಗುತ್ತದೆಂದು ವಿಚಾರಿಸುವುದು ತಮ್ಮ ಘನತೆಗೆ ಕಡಿಮೆಯಾಯಿತೇ? ನಮ್ಮ ಸಂತೆಯಲ್ಲಿ ಹೆಂಗಸರು ಹೀಗೆ ಬೆರಳು ಹಿಡಿಯುವುದಿಲ್ಲ ಎಂಬುದು ನಿಜ. ಅವಳು ಮನೆಯಲ್ಲಿ ನನ್ನ ಜೊತೆ ಆಟಕ್ಕೆ ಕಲಿತದ್ದು. ಆದರೆ ಹೆಣ್ಣುಮಕ್ಕಳೂ ಸಂಕೋಚ ಬಿಟ್ಟು ವ್ಯಾಪಾರಕ್ಕೆ ಇಳಿಯಬೇಕೆಂದು ತಮ್ಮ ಪುಸ್ತಕದಲ್ಲೇ ಅಚ್ಚಾಗಿದೆಯಲ್ಲ! ಪಾಪ, ಹುಡುಗಿ ನಂಬಿಬಿಟ್ಟಳು. ಇಡೀ ಶಾಲೆಯಲ್ಲಿ ತಮ್ಮ ಪಾಠವನ್ನು ನಂಬಿದವಳು ಅವಳೊಬ್ಬಳೇ ಎಂದು ಕಾಣುತ್ತದೆ. ಅವಳನ್ನೇ ಹುಡುಕಿ ಹೊರಗೆ ಹಾಕಿದಿರಿ.

ಹೆಡ್ಮಾಸ್ತರು ಒಳ್ಳೆಯವರು, ಆದರೆ ತಮ್ಮ ಹೆಸರೆತ್ತಿದರೆ ಬೆವರುತ್ತಾರೆ. "ಒಂದು ಕ್ಷಮಾಪಣೆ ಬರ್ದುಕೊಟ್ಬುಡಮ್ಮ" ಎಂದು ಅವಳಿಗೆ ಹೇಳಿದರು. "ಯಾವ ತಪ್ಪಿಗೆ ಅಂತ ಬರೀಲಿ ಸಾರ್? ಮಾಡು ಅಂದ್ರು, ಮಾಡ್ದೆ" ಎಂದು ಎದ್ದು ಬಂದಳು. ನನಗೆ ಹೆಮ್ಮೆಯಾಯಿತು, ಭಯವೂ ಆಯಿತು.

ತಿಪಟೂರಿನ ಕಾಲೇಜಿನಲ್ಲಿ ವಾಣಿಜ್ಯ ಓದಬೇಕೆಂದು ಅವಳ ಆಸೆ. ನನ್ನ ಹೆಂಡತಿ ಸಿದ್ದಗಂಗಮ್ಮ ಮೊನ್ನೆಯವರೆಗೂ ಅದಕ್ಕೆ ಒಪ್ಪಿದ್ದಳು. ಈಗ, "ಓದು ಹಾಳಾಗೋಗ್ಲಿ ಕಣ್ರೀ. ಊರೋರು ಬಾಯಿಗೆ ಬಂದಂಗೆ ಆಡ್ಕೊಳ್ತಾವ್ರೆ. ಮಾತು ಇನ್ನೂ ದೂರ ಹೋಗೋದ್ರೊಳಗೆ ಮದುವೆ ಮಾಡಿ ಕಳಿಸ್ಬುಡಣ" ಎಂದು ಅಳುತ್ತಾಳೆ. ಅವಳನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ತಮ್ಮನ್ನು ಬಯ್ಯಲು ಬರುತ್ತದೆ. ಕೋಣೆಯೊಳಗೆ ಬೆರಳು ಹಿಡಿದು ಮಾಡಿದ ಒಂದು ಲೆಕ್ಕವನ್ನು ಹೆಣ್ಣುಮಗಳ ನಡತೆಗೆ ಕಳಂಕವೆಂದು ಬರೆದು, ಜೀಪು ಹತ್ತಿ ಹೋದಿರಲ್ಲ, ಅಲ್ಲಿಂದಾಚೆ ತಮಗೆ ನಿದ್ದೆ ಚೆನ್ನಾಗಿಯೇ ಬಂದಿರಬೇಕು.

ತಮ್ಮ ವಿಷಾದ ನನಗೆ ಬೇಡ, ವಿಚಾರಣಾ ಸಮಿತಿಯೂ ಬೇಡ. ಅದೇ ತರಗತಿಗೆ ಬನ್ನಿ. ಅದೇ ಮಕ್ಕಳ ಎದುರು 'ಈ ಹುಡುಗಿಯದು ತಪ್ಪಿಲ್ಲ, ನನಗೆ ಗೊತ್ತಿರಲಿಲ್ಲ' ಎಂದು ಹೇಳಿ, ತಮ್ಮ ಕೈಯಾರೆ 'ಅಸಭ್ಯ ವರ್ತನೆ' ಎಂಬ ಆ ಮಾತನ್ನು ಹೊಡೆದುಹಾಕಿ ಅವಳನ್ನು ಪರೀಕ್ಷೆಗೆ ಕೂರಿಸಿ. ಶೆಟ್ಟಿಕೆರೆಯಿಂದ ಗಂಡಿನ ಕಡೆಯವರು ಸೋಮವಾರ ಹೆಣ್ಣು ನೋಡಲು ಬರುತ್ತಾರೆ. ತಾವು ಶನಿವಾರವೇ ಬನ್ನಿ.

ಇಂತಿ,
ಮಗಳಿಗೆ ವ್ಯಾಪಾರ ಕಲಿಸಿ ಇಲಾಖೆಗೆ ತೊಂದರೆ ಕೊಟ್ಟ,
ದಲ್ಲಾಳಿ ಸದಾಶಿವಯ್ಯ
ತಿಪಟೂರು ತಾಲ್ಲೂಕು