ಕೂರಲು ಒಂದು ಕಲ್ಲು

ಇಂದಿರಾಪುರಂ,
೨೦ ಸೆಪ್ಟೆಂಬರ್ ೨೦೦೯

ಮಾತೃಶ್ರೀ ಅಮ್ಮನಿಗೆ ಜಲಜಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಎರಡು ಕಾಲೂ ಕ್ಷೇಮ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ, ಕನ್ನಡಕ ತೆಗೆದಿಟ್ಟು ದೇವರ ಮನೆಗೆ ಹೋಗಿ ಕೂರುತ್ತೀಯ. ಜೂನ್‌ನಿಂದ ಕಾಗದ ಬರೆಯದಿದ್ದುದಕ್ಕೆ ಬೈಯಬೇಡ. ಫೋನಿನಲ್ಲಂತೂ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಇಂದಣ್ಣ ನಡುವೆ ನಿಂತು ನನ್ನ ಮಾತಿನಲ್ಲಿ ಅರ್ಧ ನಿನಗೆ ಹೇಳುತ್ತಾನೆ, ಅರ್ಧ ನುಂಗುತ್ತಾನೆ. ಆದರೆ ಬರೆಯದೇ ಇದ್ದುದರ ಕಾರಣ ಬೇರೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು.

ಐಸ್‌ಲ್ಯಾಂಡಿಗೆ ಹೋಗಬೇಕೆಂದಿದ್ದೇನೆ ಎಂದು ನಾನು ಬರೆದದ್ದಕ್ಕೆ, "ಆ ಕಾಲು ಇಟ್ಟುಕೊಂಡು ಅಲ್ಲಿಗೆಲ್ಲ ಯಾಕಮ್ಮ, ಕೂತು ಮಾಡುವ ಕೆಲಸ ಇದೆಯಲ್ಲ, ಸಾಲದೆ" ಎಂದು ನೀನು ಬರೆದಿದ್ದೆ. ಅದಕ್ಕಾದರೂ ಸುಮ್ಮನಿರುತ್ತಿದ್ದೆನೇನೋ. ಅದರ ಹಿಂದೆಯೇ ಇಂದಣ್ಣನ ಫೋನು ಬಂತು. "ಜಲೂ, ಟೀವೀಲಿ ತೋರಿಸ್ತಿದ್ರು ಕಣೇ, ಐಸ್‌ಲ್ಯಾಂಡಲ್ಲಿ ಆಗಸ್ಟ್ ತಿಂಗಳು ಜ್ವಾಲಾಮುಖಿ ಸಿಡಿಯುತ್ತಂತೆ. ಊರೆಲ್ಲ ಖಾಲಿ ಮಾಡಿಸ್ತಿದಾರಂತೆ." ಯಾವ ಚಾನೆಲ್ಲು ಎಂದು ಕೇಳಿದೆ. "ಅದು... ಯಾವುದೋ..." ಎಂದು ತಡವರಿಸಿದ. ಹಿಂದಿನಿಂದ ನಿನ್ನ ದನಿ ಕೇಳಿಸಿತು, "ನ್ಯೂಸು ಅನ್ನೋ, ನ್ಯೂಸು." ಫೋನು ಇಟ್ಟುಬಿಟ್ಟೆ. ಟಿಕೆಟ್ಟು ತೆಗೆದದ್ದು ಆಮೇಲೆಯೇ.

ನಿನ್ನ ಮಟ್ಟಿಗೆ ನನ್ನದು ಟಿಕೆಟ್ ಬುಕ್ ಮಾಡುವ ಕೆಲಸ. ಪಕ್ಕದ ಮನೆ ಗುಂಡಣ್ಣನವರ ಹೆಂಡತಿಗೂ ಹಾಗೇ ಹೇಳಿದ್ದೀಯಂತೆ. ಒಂದು ಸಲ ಸರಿಯಾಗಿ ಹೇಳುತ್ತೇನೆ, ಕೇಳು. ನಮ್ಮ ಕಂಪನಿ ಇಂಗ್ಲೆಂಡಿನದು. ರಜೆಯಲ್ಲಿ ಬೇಕೆಂದೇ ನಡೆಯಲು ಹೋಗುವ ಜನರಿಗೆ ಅದು ಪ್ರವಾಸ ಮಾರುತ್ತದೆ, ಜ್ವಾಲಾಮುಖಿ ಇರುವ ಕಡೆ, ಹಿಮನದಿ ಇರುವ ಕಡೆ. ಹಿಮನದಿ ಎಂದರೆ ನೀರಿನದಲ್ಲ, ಬೆಟ್ಟದ ನೆತ್ತಿಯಿಂದ ಕಣಿವೆಗೆ ನಿಧಾನವಾಗಿ ಜರುಗಿ ಬರುವ ಮಂಜುಗಡ್ಡೆ. ಅಲ್ಲಿ ಎಲ್ಲಿಂದ ಎಲ್ಲಿಗೆ ನಡೆಯಬೇಕು, ಎಲ್ಲಿ ಹೊಳೆ ದಾಟಬೇಕು, ರಾತ್ರಿ ಎಲ್ಲಿ ತಂಗಬೇಕು ಎಂಬ ಯೋಜನೆ ಹಾಕುವವರು ದೆಹಲಿ ಪಕ್ಕದ ಗುಡಗಾಂವ್‌ನ ಏಸಿ ರೂಮಿನಲ್ಲಿ ಕೂತ ನಾವು. ಆರು ವರ್ಷದಿಂದ ನಕ್ಷೆಯ ಮೇಲೆ ಬೆರಳಿಟ್ಟು ನಾನು ಹತ್ತದ ಬೆಟ್ಟವಿಲ್ಲ.

ಪಕ್ಕದ ಮೇಜಿನವರು ಪುಸ್ತಕ ನೋಡಿ "ನಾಲ್ಕು ಗಂಟೆ ನಡಿಗೆ" ಎಂದು ಬರೆದು ಚಹಾ ಕುಡಿಯಲು ಹೋಗುತ್ತಾರೆ. ನನಗೆ ಹಾಗೆ ಬರೆಯಲು ಕೈ ಏಳುವುದಿಲ್ಲ. ಯಾರ ಕಾಲಿಗೆ ನಾಲ್ಕು ಗಂಟೆ? ಆ ದಾರಿಯ ವಸತಿಗೃಹಗಳಿಗೆ ಫೋನು ಮಾಡಿ ಕೇಳುತ್ತೇನೆ: ನಡುವೆ ಕೂರಲು ಕಲ್ಲಿದೆಯೇ, ಎಷ್ಟು ಎತ್ತರ, ಕೂತರೆ ಏಳಲು ಬರುತ್ತದೆಯೇ. ಐಸ್‌ಲ್ಯಾಂಡಿನಲ್ಲಿ ಹಿಮನದಿಯ ಬುಡದಲ್ಲಿ ವಸತಿಗೃಹ ನಡೆಸುವ ಗುಡ್ರುನ್ ಎಂಬ ಹೆಂಗಸು ಮೊದಲ ಸಲ, "ನಮ್ಮಲ್ಲಿ ಕಲ್ಲು ಬಿಟ್ಟರೆ ಬೇರೇನಿದೆ" ಎಂದು ಫೋನು ಕುಕ್ಕಿದಳು. ಮಾರನೆಯ ದಿನ ಅವಳೇ ಫೋನು ಮಾಡಿದಳು. "ಹೋಗಿ ನೋಡಿಬಂದೆ. ಕುರ್ಚಿಯಷ್ಟು ಎತ್ತರದ್ದು ಒಂದಿದೆ. ಕೂತೂ ನೋಡಿದೆ, ಚೆನ್ನಾಗಿದೆ" ಎಂದಳು. ಅಂದಿನಿಂದ ಅವಳೂ ನಾನೂ ಫೋನಿನ ಸ್ನೇಹಿತೆಯರು.

ಆಫೀಸಿನಲ್ಲಿ ಇದಕ್ಕೆ ನಗುತ್ತಿದ್ದರು. ನಮ್ಮ ಮ್ಯಾನೇಜರು ಭಾಟಿಯಾ ಒಂದು ದಿನ ಕರೆದು, "ಜಲಜಾ ಜೀ, ಯೇ ಪತ್ಥರ್ ಕಾ ಕ್ಯಾ ಚಕ್ಕರ್ ಹೈ?" ಎಂದು ಕೇಳಿದರು. ಕಲ್ಲಿನ ಗೋಜು ಏನೂ ಇಲ್ಲ ಸರ್, ನಿಧಾನವಾಗಿ ನಡೆಯುವವರಿಗೂ ರಜೆ ಬೇಕಲ್ಲ ಎಂದೆ. ಅದೇ ಸಮಯಕ್ಕೆ ಇಂಗ್ಲೆಂಡಿನಿಂದ ಮಾರ್ಗರೆಟ್ ಎಂಬ ಮುದುಕಿಯ ಕಾಗದ ಬಂತು. ನಾನು ಹಾಕಿಕೊಟ್ಟ ದಾರಿಯಲ್ಲಿ ನಡೆದು ಬಂದಿದ್ದಳು. "ಊಟದ ಸೂಪು ಬಿಸಿಯಿರುವಾಗಲೇ ತಲುಪಿದ್ದು ಇದೇ ಮೊದಲು" ಎಂದು ಬರೆದಿದ್ದಳು. ಅಂಥವು ಇನ್ನೂ ಬಂದವು. ಕೊನೆಗೆ ಭಾಟಿಯಾ, "ನಿಧಾನದವರಿಗೆಂದೇ ಐಸ್‌ಲ್ಯಾಂಡಿನಲ್ಲಿ ಒಂದು ಹೊಸ ಪ್ರವಾಸ ಮಾಡೋಣ. ಲಾವಾ ನೆಲದಿಂದ ಶುರು, ಹಿಮನದಿಯ ಮೇಲೆ ಮುಗಿತಾಯ. ಆದರೆ ಯೋಜನೆ ಹಾಕಿದವರೇ ಒಮ್ಮೆ ನಡೆದು ತೋರಿಸಬೇಕು" ಎಂದರು. ಹೇಳುವಾಗ ಅವರ ಕಣ್ಣು ನನ್ನ ಎಡಗಾಲಿಗೆ ಆಸರೆಗೆ ಕಟ್ಟಿದ ಪಟ್ಟಿಯ ಮೇಲಿತ್ತು. ನಾನು ನಡೆದರೆ ಪ್ರವಾಸ ಉಳಿಯುತ್ತದೆ, ಇಲ್ಲದಿದ್ದರೆ ಅದು ಕಸದ ಬುಟ್ಟಿಗೆ, ನಾನು ಮತ್ತೆ ಟಿಕೆಟ್ಟಿಗೆ. ಆಯಿತು ಎಂದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಗೋಡೆ ಹಿಡಿದು ನಿಂತೆ.

ತಯಾರಿ ಕೇಳು. ದಿನಾ ಆಫೀಸಿನ ಕ್ಯಾಬು ಇಳಿದು ಮನೆಗೆ ಮೆಟ್ಟಿಲು ಹತ್ತಿಕೊಂಡೇ ಹೋದೆ, ಹನ್ನೊಂದನೇ ಮಹಡಿಗೆ. ಮೊದಲ ವಾರ ನನ್ನನ್ನು ನೋಡಿದ ಅಕ್ಕಪಕ್ಕದವರು ಲಿಫ್ಟು ಕೆಟ್ಟಿದೆ ಎಂದುಕೊಂಡು ತಾವೂ ಮೆಟ್ಟಿಲು ಹತ್ತಿದರು, ಸೊಸೈಟಿ ಆಫೀಸಿಗೆ ದೂರನ್ನೂ ಕೊಟ್ಟರು. ಬೂಟಿನೊಳಗೆ ಪಟ್ಟಿ ಕೂರುವಂತೆ ಹೊಲಿಸಿಕೊಂಡೆ. ನೀನು ಕಳಿಸಿದ್ದ ಹುಣಸೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡೆ. ನಿನ್ನ ಮಾತು ಮೀರಿದರೂ ನಿನ್ನ ಗೊಜ್ಜು ಬಿಡಲಿಲ್ಲ ನೋಡು.

ಆಗಸ್ಟಿನಲ್ಲಿ ಹೋಗಿಯೇಬಿಟ್ಟೆ. ಅಮ್ಮ, ಆ ನೆಲ ಹೇಗಿದೆ ಎಂದು ಹೇಗೆ ಹೇಳಲಿ. ಸೀದುಹೋದ ಹೂರಣದ ತಳದ ಹಾಗೆ ಕರ್ರಗೆ, ಗಂಟುಗಂಟು. ಅದರ ಮೇಲೆ ಹಸಿರು ಪಾಚಿ, ಕೈಯಿಟ್ಟರೆ ಹತ್ತಿಯ ಹಾಸಿಗೆ. ಸ್ನಾನದ ಬಿಸಿನೀರು ನೆಲದೊಳಗಿಂದಲೇ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ನೀನಿದ್ದರೆ ಆ ಸ್ನಾನ ಕಳೆಯಲು ಇನ್ನೊಂದು ಸ್ನಾನ ಮಾಡುತ್ತಿದ್ದೆ. ಹೊಸ ದಾರಿ ನಡೆದು ನೋಡಲು ಬಂದ ಗುಂಪಿನಲ್ಲಿ ಅದೇ ಮಾರ್ಗರೆಟ್, ಅವಳ ವಯಸ್ಸಿನ ನಾಲ್ವರು, ನಾನು. ಮೊದಲ ದಿನವೇ ಒಂದು ಆಶ್ಚರ್ಯ. ಅಲ್ಲಿ ಎಲ್ಲರ ಕೈಯಲ್ಲೂ ಕೋಲು. ಗಟ್ಟಿಮುಟ್ಟಾದವರಿಗೂ ಎರಡೆರಡು. ಕಾಲೇಜಿನಲ್ಲಿ ಕೋಲು ಹಿಡಿಯಲು ನಾಚಿ ಗೋಡೆ ಹಿಡಿದು ನಡೆದವಳು ನಾನು. ಇಲ್ಲಿ ಕೋಲು ಹಿಡಿದೆ, ಒಬ್ಬರೂ ತಿರುಗಿ ನೋಡಲಿಲ್ಲ.

ಗುಡ್ರುನ್ ನನ್ನನ್ನು ನೋಡಿದವಳೇ ಪಟ್ಟಿಯನ್ನೂ ನೋಡಿದಳು. ಈಗ ಅರ್ಥವಾಯಿತು ಎಂಬಂತೆ ತಲೆ ಆಡಿಸಿದಳು. ಮಾರನೆಯ ದಿನ ಹಿಮನದಿಯ ದಾರಿಯಲ್ಲಿ ಒಂದು ಕಲ್ಲಿನ ಹತ್ತಿರ ಕರೆದೊಯ್ದು, "ಕೂರು, ಇದು ನಿನ್ನದೇ" ಎಂದಳು. ಅಲ್ಲಿಯವರೆಲ್ಲ ಈಗ ಅದನ್ನು ದೆಹಲಿ ಕಲ್ಲು ಎನ್ನುತ್ತಾರಂತೆ. ಕೂತೆ. ಅಷ್ಟು ದೂರದಲ್ಲಿ ನನಗೆ ಒಂದು ಸ್ವಂತ ಜಾಗ ಇದೆ ಅನ್ನಿಸಿ ಹೊಟ್ಟೆ ತುಂಬಿತು.

ಫಜೀತಿ ಆದದ್ದು ಮುಂದೆ. ಯೋಜನೆಯ ಪ್ರಕಾರ ಹೊಳೆಯ ದಂಡೆಯಲ್ಲಿ ಎರಡನೇ ಕಲ್ಲು ಇರಬೇಕಿತ್ತು. ಹಿಂದಿನ ವಾರದ ಪ್ರವಾಹಕ್ಕೆ ದಂಡೆಯೇ ಕೊಚ್ಚಿಹೋಗಿತ್ತು, ಬರೀ ಕರೀ ಮರಳು. ನನ್ನ ಕಾಲು ಗಡಗಡ ನಡುಗುತ್ತಿತ್ತು. ಹಿಂದಿರುಗೋಣ ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಕೂರದೆ ಮುಂದೆ ಹೋಗುವಂತಿರಲಿಲ್ಲ. ನೆಲದ ಮೇಲೆ ಕೂತರೆ ನಾನು ಏಳುವುದು ಹೇಗೆಂದು ನಿನಗೆ ಗೊತ್ತು, ಕೈಯೂರಿ, ಹಿಂಭಾಗ ಮೇಲೆತ್ತಿ, ಹಸುವಿನ ಹಾಗೆ. ಮನೆಯ ಹೊರಗೆ ಯಾರ ಮುಂದೆಯೂ ನಾನು ನೆಲಕ್ಕೆ ಕೂತವಳಲ್ಲ, ಮದುವೆಮನೆಯ ಪಂಕ್ತಿಯಲ್ಲೂ. ಅಲ್ಲಿ ಕೂತುಬಿಟ್ಟೆ. ನನ್ನ ನಂತರ ಮಾರ್ಗರೆಟ್ ಕೂತಳು, ಆಮೇಲೆ ಎಲ್ಲರೂ. ಅವಲಕ್ಕಿಗೆ ಫ್ಲಾಸ್ಕಿನ ನೀರು ಚಿಮುಕಿಸಿ, ಗೊಜ್ಜು ಕಲಸಿ ಹಂಚಿದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ತಿಂದರು. ತಿಂದಾದ ಮೇಲೆ ಮಾರ್ಗರೆಟ್, "ಸರಿ, ಈಗ ನಾವೆಲ್ಲ ಏಳುವುದು ಹೇಗೆ?" ಎಂದು ಕೇಳಿದಳು. ಅವಳ ಮಂಡಿ ಆಪರೇಷನ್ ಆದದ್ದಂತೆ. ಒಬ್ಬರನ್ನೊಬ್ಬರು ಎಳೆದು, ತಳ್ಳಿ, ನಕ್ಕು ಬಿದ್ದು ಮತ್ತೆ ಎದ್ದೆವು. ಎಲ್ಲರೂ ಹಸುಗಳೇ ಆಗಿದ್ದೆವು.

ಮಂಜುಗಡ್ಡೆಯ ಅಂಚಿನಲ್ಲಿ ಗುಡ್ರುನ್ ಬೂಟುಗಳಿಗೆ ಮುಳ್ಳಿನ ತಳ ಕಟ್ಟಿದಳು. ನನ್ನದಕ್ಕೆ ಎರಡು ಬೆಲ್ಟು ಹೆಚ್ಚಿಗೆ ಬೇಕಾಯಿತು. ಆಮೇಲೆ ಮಂಜಿನ ಮೇಲೆ ನಡೆಯುವುದನ್ನು ಕಲಿಸಿದಳು. "ಕಾಲು ಅಗಲಿಸಿ. ಪೂರ್ತಿ ಎತ್ತಿ, ಪಾದ ಚಪ್ಪಟೆಯಾಗಿ ಊರಿ. ಅವಸರ ಬೇಡ, ಹೆಜ್ಜೆ ಎಳೆಯಬೇಡಿ." ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ಪೋಲಿಯೋ ಆದಾಗಿನಿಂದ ನಾನು ನಡೆಯುತ್ತಿರುವುದೇ ಹಾಗಲ್ಲವೇ. ಬೀದಿಯ ಮಕ್ಕಳು ಅಣಕಿಸುತ್ತಿದ್ದ ನಡಿಗೆಯನ್ನು ಅಲ್ಲಿ ಐದು ಜನ ಕಷ್ಟಪಟ್ಟು ಅಭ್ಯಾಸ ಮಾಡುತ್ತಿದ್ದರು. ನಾನು ಮುಂದೆ ನಡೆದೆ. ಹೌದಮ್ಮ, ನಿನ್ನ ಮಗಳು ಮುಂದೆ, ಉಳಿದವರು ಹಿಂದೆ. ಬಿಳಿಯೊಳಗೆ ನೀಲಿ, ನಡುನಡುವೆ ಹಳೆಯ ಜ್ವಾಲಾಮುಖಿಗಳ ಬೂದಿಯ ಕಪ್ಪು ಗೆರೆ. ಯೋಜನೆಯಲ್ಲಿ ನಾನು ಕೊನೆಯ ಗುರುತು ಹಾಕಿದ್ದ ಜಾಗಕ್ಕೆ ಹೋಗಿ ಎರಡು ಕಾಲೂರಿ ನಿಂತೆ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಇಷ್ಟು ಖುಷಿಯಾದದ್ದು ನನ್ನ ಜನ್ಮದಲ್ಲಿ ನೆನಪಿಲ್ಲ.

ಮುಂದಿನ ವರ್ಷದ ಪುಸ್ತಿಕೆಯಲ್ಲಿ ನಮ್ಮ ಪ್ರವಾಸ ಅಚ್ಚಾಗುತ್ತಿದೆ. ಭಾಟಿಯಾ ಇಡೀ ಆಫೀಸಿಗೆ ಲಡ್ಡು ತರಿಸಿದರು. ಈಗ ಪಕ್ಕದ ಮೇಜಿನವರೂ ಫೋನು ಹಿಡಿದು ಕಲ್ಲು ಕೇಳುತ್ತಿದ್ದಾರೆ. ಇನ್ನು ಮೇಲೆ ಗುಂಡಣ್ಣನವರ ಹೆಂಡತಿಗೆ ಸರಿಯಾಗಿ ಹೇಳು.

ಇಂದಣ್ಣನಿಗೆ, ಅತ್ತಿಗೆಗೆ ನನ್ನ ನಮಸ್ಕಾರ. ಜ್ವಾಲಾಮುಖಿ ಸಿಡಿಯಲಿಲ್ಲ ಎಂದು ಅವನಿಗೆ ತಿಳಿಸು. ಹೋಗುವ ಮುನ್ನ ಕೇಳದೇ ಹೋದ ಆಶೀರ್ವಾದವನ್ನು ಈಗ ಕೇಳುತ್ತಿದ್ದೇನೆ, ಎರಡು ಕಾಲಿಗೂ ಸೇರಿಸಿ ಮಾಡು.

ನಿನ್ನ ಮಗಳು,
ಜಲಜಾ

ಮರೆತ ಮಾತು: ಇದನ್ನು ನೀನೊಬ್ಬಳೇ ಓದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಪ್ರವಾಸವಿತ್ತು. ಬಸ್ಸು ಕೆಟ್ಟಿದೆ, ಪ್ರವಾಸ ರದ್ದಾಯಿತು ಎಂದು ಹಿಂದಿನ ರಾತ್ರಿ ನೀನು ಹೇಳಿದೆ. ಬೆಳಿಗ್ಗೆ ಜಗಲಿಯಲ್ಲಿ ನಾನು ಹಲ್ಲುಜ್ಜುತ್ತಿದ್ದಾಗ ಆ ಬಸ್ಸು ನಮ್ಮ ಬೀದಿಯಲ್ಲೇ ಹೋಯಿತು. ನಮ್ಮ ಕ್ಲಾಸಿನವರೆಲ್ಲ ಕಿಟಕಿಯಲ್ಲಿದ್ದರು, ನನಗೆ ಕೈಯನ್ನೂ ಬೀಸಿದರು. ಒಳಗೆ ನೀನು ಜೋರಾಗಿ ರುಬ್ಬುತ್ತಿದ್ದೆ, ನನಗೆ ಬಸ್ಸಿನ ಸದ್ದು ಕೇಳಬಾರದೆಂದು. ಮಧ್ಯಾಹ್ನ ಹೋಳಿಗೆ ಬಡಿಸಿ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದೆ ನಾನು. ಅಮ್ಮ, ಅದು ಸುಳ್ಳು. ಬೆಟ್ಟ ಹತ್ತಲಾಗದೆ ಕೆಳಗೇ ಕೂತಿದ್ದರೂ ಪರವಾಗಿಲ್ಲ, ಆ ಬಸ್ಸಿನಲ್ಲಿ ನನ್ನನ್ನು ಕೂರಿಸಬೇಕಿತ್ತು.

ಬೈಯಲು ಬರೆಯುತ್ತಿಲ್ಲ. ರುಬ್ಬುವಾಗ ನೀನು ಅಳುತ್ತಿದ್ದುದನ್ನೂ ನೋಡಿದ್ದೇನೆ. ದೀಪಾವಳಿಗೆ ಬರುತ್ತೇನೆ. ಹಬ್ಬ ಮುಗಿದ ಮಾರನೆಯ ದಿನ ನಾವಿಬ್ಬರೂ ಚಿತ್ರದುರ್ಗಕ್ಕೆ ಹೋಗೋಣ. ಈಗ ನಿನ್ನ ಮಂಡಿಯೂ ನನ್ನ ಕಾಲಿಗೆ ಜೊತೆಯಾಗಿದೆ. ಹೆದರಬೇಡ, ಯೋಜನೆ ಹಾಕಿಟ್ಟಿದ್ದೇನೆ. ಅದು ಕಲ್ಲಿನ ಕೋಟೆ, ಕೂರಲು ಹೆಜ್ಜೆಗೊಂದು ಕಲ್ಲು. ಬಸ್ಸು ಕೆಟ್ಟಿದೆ ಎಂದು ಮಾತ್ರ ಹೇಳಬೇಡ.