ಮಾಸ್ತರನ ಸುದ್ದಿ

ಡೊಂಬಿವಲಿ ಪೂರ್ವ
ರವಿವಾರ, ೨೩ ನವೆಂಬರ್ ೧೯೯೭

ಮುದ್ದಿನ ಮಗಳು ಶೈಲಶ್ರೀಗೆ ಅಪ್ಪನ ಅಕ್ಕರೆಯ ಆಶೀರ್ವಾದಗಳು.

ನಿನ್ನ ನೆಗಡಿ ಕಡಿಮೆಯಾಯಿತೇ? ಗುಲ್ಬರ್ಗಾದಲ್ಲಿ ಈಗ ನಸುಕಿಗೆ ಚಳಿ ಸುರುವಾಗಿರಬೇಕು. ತಣ್ಣೀರಿನಲ್ಲಿ ತಲೆ ತೊಳೆದುಕೊಂಡು ಹಸಿಕೂದಲಲ್ಲೇ ವಾರ್ಡಿಗೆ ಓಡಬೇಡ. ಹಾಸ್ಟೆಲಿನ ರೊಟ್ಟಿ ಚಪ್ಪಲಿಯ ಅಟ್ಟೆಯ ಹಾಗಿರುತ್ತದೆ ಎಂದು ಬರೆದಿದ್ದೆ. ಹಾಲಿನಲ್ಲಿ ಮುರಿದು ಹಾಕಿಕೊಂಡಾದರೂ ತಿನ್ನು ತಾಯಿ, ಉಪವಾಸ ಇರಬೇಡ. ನರ್ಸಿಂಗಿನ ಕೊನೆಯ ಪರೀಕ್ಷೆ ಡಿಸೆಂಬರ್ ಹದಿನೈದಕ್ಕೆ ಅಲ್ಲವೇ? ಓದು ಎಲ್ಲಿಯವರೆಗೆ ಬಂತು ಎಂದು ತಿಳಿಸು. ದೀಪಾವಳಿ ಆದಮೇಲೆ ನಾನು ಒಂದು ಸಾಲೂ ಬರೆಯಲಿಲ್ಲವೆಂದು ನಿನಗೆ ಸಿಟ್ಟು ಬಂದಿರುತ್ತದೆ. ಬರೆಯಲು ಕೂತಾಗಲೆಲ್ಲ ಒಂದು ಸಂಗತಿ ಕೈ ತಡೆಯುತ್ತಿತ್ತು. ಅದನ್ನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಇವತ್ತು ಮೊದಲಿನಿಂದ ಬರೆಯುತ್ತೇನೆ, ಸಾವಕಾಶ ಓದು.

ಕಾರ್ಖಾನೆಗೆ ಬೀಗ ಬಿದ್ದದ್ದು ನಿನಗೆ ಗೊತ್ತು. ಇಪ್ಪತ್ತೆರಡು ವರ್ಷ ಬಣ್ಣದ ಡ್ರಮ್ಮು ಉರುಳಿಸಿದ ಕೈಗಳಿಗೆ ಒಮ್ಮೆಲೇ ಕೆಲಸ ಇಲ್ಲದಂತಾಯಿತು. ಮನೆಯಲ್ಲಿ ಕೂತರೆ ಚಾಳಿನ ನೆರೆಯವರು ಬಾಗಿಲಲ್ಲಿ ಇಣುಕಿ, "ಕಾಯ್ ಶಿವಪ್ಪಾ, ಆಜ್ ಪಣ್ ಸುಟ್ಟಿ?" ಎಂದು, ಇವತ್ತೂ ರಜೆಯೇ ಎಂಬಂತೆ ಕೇಳುತ್ತಾರೆ. ಅದಕ್ಕೇ ನಾನು ಮೊದಲಿನ ಹೊತ್ತಿಗೇ ಡಬ್ಬಿ ಹಿಡಿದು ಹೊರಬಿದ್ದು, ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಡಬ್ಬಿ ಮುಗಿಸಿ ಸಂಜೆಗೆ ತಿರುಗಿ ಬರುತ್ತಿದ್ದೆ. ಅಲ್ಲಿ ಒಂದು ದಿನ ನಮ್ಮ ಊರಕಡೆಯ ರಘುಪತಿ ನನ್ನನ್ನು ಕಂಡ. ಠಾಣೆಯ ದನದ ದವಾಖಾನೆಯಲ್ಲಿ ಸಿಪಾಯಿಯಾಗಿದ್ದಾನಲ್ಲ, ಅವನೇ. "ಹಿಂಗ ಕುಂತು ಕುಂತು ಕಲ್ಲಾಗ್ತೀ ಶಿವಪ್ಪ. ಬಾ ನನ್ನ ಜೋಡಿ. ನಾಯಿ ತೊಳಿಯೂ ಕೆಲಸ ಅದ. ಪಗಾರ ಇಲ್ಲ, ಚಹಾ ಸಿಗ್ತದ" ಎಂದ.

ಹೀಗೆ ನಾನು ನೌಪಾಡಾದ ಲೇಲೆ ಬಾಯಿಯವರ ಮನೆಗೆ ಹೋದದ್ದು. ಅವರು ಪೋಸ್ಟಾಫೀಸಿನಿಂದ ನಿವೃತ್ತರಾದವರು, ಒಂಟಿ ಹೆಂಗಸು. ಬಗ್ಗಲಾಗದ, ನಡೆಯಲಾಗದ ಮುದುಕರು ಸಾಕಿದ ಪ್ರಾಣಿಗಳನ್ನು ನೋಡಿಕೊಳ್ಳಲು ಹತ್ತು ಹನ್ನೆರಡು ಜನರನ್ನು ಕೂಡಿಸಿದ್ದರು. ನಾಯಿಯನ್ನು ಹೊರಗೆ ಕರೆದೊಯ್ಯುವುದು, ಉಗುರು ಕತ್ತರಿಸುವುದು, ಪಂಜರ ತೊಳೆಯುವುದು, ಮನೆಯವರು ಆಸ್ಪತ್ರೆ ಸೇರಿದರೆ ಬರುವ ತನಕ ಪ್ರಾಣಿಗೆ ಅನ್ನ ನೀರು ಹಾಕುವುದು, ಇಷ್ಟೇ ಕೆಲಸ. ನನ್ನ ಪಾಲಿಗೆ ವಿಠ್ಠಲವಾಡಿಯ ಎರಡು ಮನೆ ಬಂದವು. ಒಂದು ಲೋಕುಮಲ್ ಎಂಬ ಸಿಂಧಿ ಅಜ್ಜನದು. ಅವನ ಗಿಳಿ ಹನ್ನೊಂದು ವರ್ಷದಿಂದ ಒಂದು ಮಾತೂ ಆಡಿಲ್ಲ. ನಾನು ಪಂಜರ ತೊಳೆಯುವಾಗ ಅಜ್ಜ ಪಕ್ಕದಲ್ಲೇ ಕೂತು, "ಬೋಲೇಗಾ, ಬೋಲೇಗಾ, ಅಭೀ ಸೋಚ್ ರಹಾ ಹೈ" ಎನ್ನುತ್ತಾನೆ, ಮಾತಾಡುತ್ತದೆ, ಈಗಿನ್ನೂ ಯೋಚಿಸುತ್ತಿದೆ ಅಂತ. ನೀನು ಬಂದರೆ ಒಮ್ಮೆ ತೋರಿಸಬೇಕು.

ಇನ್ನೊಂದು ಮನೆ ಕಾಶವ್ವನದು. ಸಿಂದಗಿ ಕಡೆಯವಳು, ಎಪ್ಪತ್ತು ದಾಟಿದ್ದಾಳೆ. ಗಂಡ ರೈಲ್ವೆಯ ಹಳಿ ಕೆಲಸದಲ್ಲಿದ್ದು ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಹಳಿಯ ಪಕ್ಕದ ಚಾಳಿನಲ್ಲಿ ಒಂದೇ ಖೋಲಿಯ ಮನೆ. ಆ ಖೋಲಿಯ ಹೊಸ್ತಿಲಲ್ಲಿ ಒಂದು ಕಂದು ನಾಯಿ ಮುಂಗಾಲು ಜೋಡಿಸಿ, ಹೋಗಿಬರುವವರನ್ನೆಲ್ಲ ಪಾಠ ಒಪ್ಪಿಸಲು ಬಂದ ಹುಡುಗರಂತೆ ದಿಟ್ಟಿಸುತ್ತ ಕೂತಿರುತ್ತಿತ್ತು. ಅದಕ್ಕೇ ಅದರ ಹೆಸರು ಮಾಸ್ತರ. ಕಾಶವ್ವ ಅದನ್ನು ಏಕವಚನದಲ್ಲಿ ಮಾತಾಡಿಸಿದ್ದು ನಾನು ಕೇಳಿಯೇ ಇಲ್ಲ. "ಮಾಸ್ತರು ಇನ್ನೂ ಉಂಡಿಲ್ಲ, ಸಿಟ್ಟಿನಾಗ ಇದ್ದಾರ," "ಮಾಸ್ತರಿಗೆ ಬೆನ್ನ ತುರಸ್ತದ ನೋಡ್ರಿ." ಅವಳಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ನಾನು ವಾರಕ್ಕೆ ಮೂರು ದಿನ ಹೋಗಿ ನಾಯಿಯನ್ನು ಮೀಯಿಸಿ, ಅಡ್ಡಾಡಿಸಿಕೊಂಡು ಬರುತ್ತಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಊರ ಸುದ್ದಿ ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಶೈಲಾ, ಆ ಮೂರು ದಿನಗಳಿಗಾಗಿ ನಾನು ಉಳಿದ ದಿನಗಳನ್ನು ದೂಡುತ್ತಿದ್ದೆ.

ನವರಾತ್ರಿಯಲ್ಲಿ ಕಾಶವ್ವ ನಲ್ಲಿಯ ಹತ್ತಿರ ಕಾಲುಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಕಲ್ಯಾಣದ ಆಸ್ಪತ್ರೆಯಲ್ಲಿ ಸರಳು ಹಾಕಿದರು. ಸ್ಟ್ರೆಚರಿನ ಮೇಲೆ ಮಲಗಿದವಳು ನೋವನ್ನೂ ಮರೆತು ನನ್ನ ಕೈ ಹಿಡಿದು, "ಮಾಸ್ತರು ನಿಮ್ಮ ಕೈಯಾಗ, ಶಿವಪ್ಪ" ಎಂದಳು. ನಾಯಿಯನ್ನು ಅವಳ ಖೋಲಿಯಲ್ಲೇ ಬಿಟ್ಟು ದಿನಕ್ಕೆ ಎರಡು ಸಲ ಹೋಗಿಬರುತ್ತಿದ್ದೆ. ಅದು ಅವಳನ್ನು ನೆನೆದು ಊಳಿಡತೊಡಗಿತು, ನೆರೆಯವರು ತಕರಾರು ಮಾಡಿದರು. ದಸರೆಯಾದ ಮೇಲೆ ನಮ್ಮ ಮನೆಗೇ ಕರೆದುಕೊಂಡು ಬಂದೆ. ನಿನ್ನ ಅವ್ವ ಮೊದಲು ಮೂಗು ಮುರಿದಳು. ಎರಡು ದಿನದಲ್ಲಿ ತಾನೇ ರೊಟ್ಟಿ ಮುರಿದು ಸಾರಿನಲ್ಲಿ ಕಲಸಿ ಹಾಕತೊಡಗಿದಳು.

ಲಕ್ಷ್ಮೀಪೂಜೆಯ ಸಂಜೆ ನಡೆದದ್ದು ಇದು. ಲಕ್ಷ್ಮಿ ಬರುವ ಹೊತ್ತೆಂದು ಚಾಳಿನಲ್ಲಿ ಎಲ್ಲರ ಮನೆಯ ಬಾಗಿಲೂ ತೆರೆದಿರುತ್ತದೆ, ನಮ್ಮದೂ ತೆರೆದಿತ್ತು. ಪಟಾಕಿಗೆ ಅಂಜಿ ಮಾಸ್ತರ ಮಧ್ಯಾಹ್ನದಿಂದಲೇ ಮಂಚದ ಕೆಳಗೆ ಸೇರಿದ್ದ. ಅವನನ್ನು ಕಟ್ಟಿಹಾಕಿ ಎಂದು ನಿನ್ನ ಅವ್ವ ಹೇಳಿದಳು. ಹೆದರಿದ ಪ್ರಾಣಿಯನ್ನು ಹಬ್ಬದ ದಿನ ಏನು ಕಟ್ಟುವುದು ಎಂದು ನಾನು ಬಿಟ್ಟೆ. ಯಾರೋ ನಮ್ಮ ಬಾಗಿಲ ಮುಂದೆಯೇ ಉದ್ದನೆಯ ಪಟಾಕಿ ಸರ ಹಚ್ಚಿದರು. ಅವನು ಪೂಜೆಯ ತಾಟನ್ನು ಉರುಳಿಸಿ, ನನ್ನ ಕಾಲಸಂದಿಯಿಂದ ನುಗ್ಗಿ ಹೊರಗೆ ಓಡಿದ. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಹೊಗೆಯಲ್ಲಿ ಏನೂ ಕಾಣಲಿಲ್ಲ. "ಮಾಸ್ತರ, ಮಾಸ್ತರ" ಎಂದು ಕೂಗಿದರೆ ಜನ ಯಾವ ಮಾಸ್ತರನನ್ನು ಹುಡುಕುತ್ತಿದ್ದೀ ಎಂದು ನಕ್ಕರು. ಮರುದಿನ ಬೆಳಿಗ್ಗೆ ಮಾನಪಾಡಾ ರಸ್ತೆಯ ಅಂಚಿನಲ್ಲಿ ಸಿಕ್ಕ. ಟೆಂಪೋ ಹಾಯ್ದುಹೋಗಿತ್ತು. ರಘುಪತಿಯನ್ನು ಕರೆಸಿ, ಇಬ್ಬರೂ ಗೋಣಿಚೀಲದಲ್ಲಿ ಹೊತ್ತುಕೊಂಡು ಹೋಗಿ ಪಶ್ಚಿಮದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ಮಣ್ಣು ಮಾಡಿದೆವು.

ಅದೇ ದಿನ ನಾಲ್ಕು ಗಂಟೆಗೆ, ಭೇಟಿಯ ಹೊತ್ತಿಗೆ, ಕಾಶವ್ವನಿಗೆ ಹೇಳಬೇಕೆಂದೇ ಆಸ್ಪತ್ರೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಮಾಸ್ತರು ಪಟಾಕಿಗಿ ಅಂಜಿದ್ರೇನು?" ಎಂದು ಕೇಳಿದಳು. "ಮಂಚದ ಕೆಳಗ ಕುಂತಿದ್ರು" ಎಂದೆ. ಅಷ್ಟು ನಿಜವೇ ಆಗಿತ್ತು. ಅವಳು ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಆಮೇಲೆ?" ಎಂದಳು. ಆಮೇಲಿನದನ್ನು ನಾನು ಕಟ್ಟಿದೆ. ಪೂಜೆಯ ತಾಟಿನ ಕರ್ಜಿಕಾಯಿ ಕದ್ದು ತಿಂದರು ಎಂದೆ. ಸಿಸ್ಟರ್ ನನ್ನನ್ನು ಹೊರಗೆ ಕರೆದು, ದಿನಾಲೂ ಬನ್ನಿ, ನಿಮ್ಮನ್ನು ಕಂಡರೆ ಅಜ್ಜಿ ಊಟ ಮಾಡುತ್ತಾಳೆ ಎಂದಳು. ನೀನೂ ಅದೇ ಬಿಳಿ ಬಟ್ಟೆ ತೊಟ್ಟು ಹಾಸಿಗೆಗಳ ನಡುವೆ ಓಡಾಡುವವಳು. ರೋಗಿಗಳ ಮುಂದೆ ಜನ ಹೇಗೆ ಮಾತಾಡುತ್ತಾರೆಂದು ನಿನಗೆ ನಾನು ಹೇಳಬೇಕಿಲ್ಲ.

ಹೀಗೆ ದಿನಕ್ಕೊಂದು ಸುದ್ದಿ ಒಯ್ದೆ. ಲೋಕಲ್‌ನಲ್ಲಿ ಕೂತು ಇವತ್ತು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಬೆಕ್ಕಿನ ಜೊತೆ ಜಗಳವಾಡಿದರು, ಹಾಲಿನವನ ಚಪ್ಪಲಿ ಒಯ್ದರು, ಕಾಶವ್ವನ ಸೀರೆ ತುಂಡು ಹಾಸಿದರೆ ಮಾತ್ರ ಮಲಗುತ್ತಾರೆ. ಪಕ್ಕದ ಹಾಸಿಗೆಯ ಹೆಂಗಸರೂ ನನ್ನ ದಾರಿ ಕಾಯತೊಡಗಿದರು. ಕಾಶವ್ವ ನಾಲ್ಕು ಕಾಲಿನ ವಾಕರ್ ಹಿಡಿದು ಬಾಗಿಲ ತನಕ ನಡೆದಳು, ಆಮೇಲೆ ಮೆಟ್ಟಿಲ ತನಕ. "ಮಾಸ್ತರು ಮುಂದ ಓಡ್ತಾರ, ನಾ ಹಿಂದ ಬೀಳಬಾರದು" ಎನ್ನುತ್ತಿದ್ದಳು. ಮನೆಗೆ ಬಂದು ನಾನು ಊಟ ಬಿಟ್ಟು ಕೂತರೆ ನಿನ್ನ ಅವ್ವ, "ಮುದುಕಿಗಿ ಖರೇ ಹೇಳ್ರಿ. ದಿನಾ ಹೊಸಾದು ಕಟ್ಟಬ್ಯಾಡ್ರಿ. ಆಕಿ ಮನಿಗಿ ಬಂದ ದಿನ ಏನ ತೋರಿಸ್ತೀರಿ?" ಎಂದಳು. ನಾಳೆ ಹೇಳುತ್ತೇನೆ ಎಂದೆ. ಹನ್ನೆರಡು ದಿನ ಅದೇ ಮಾತು ಹೇಳಿದೆ.

ಹದಿಮೂರನೆಯ ದಿನ, ಬುಧವಾರ, ಅವಳನ್ನು ಮನೆಗೆ ಬಿಟ್ಟರು. ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ನಿಲ್ಲಿಸಿ ಅವಳು ಗ್ಲುಕೋಸ್ ಬಿಸ್ಕೀಟಿನ ಪುಡಿಕೆ ತರಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಸೇತುವೆಯ ಕೆಳಗೆ ಗಾಡಿಗಳು ಸಿಕ್ಕಿಕೊಂಡು ನಿಂತವು. ಅಲ್ಲಿ ಹೇಳಿದೆ. ಬಾಗಿಲು ತೆರೆದದ್ದು, ಕಟ್ಟದೆ ಬಿಟ್ಟದ್ದು, ರಸ್ತೆಯ ಅಂಚು, ಖಾಡಿ, ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಯಾವ ದಿನ?" ಎಂದು ಕೇಳಿದಳು. ಲಕ್ಷ್ಮೀಪೂಜೆಯ ದಿನ ಎಂದೆ. ಬೆರಳು ಮಡಚಿ ಎಣಿಸಿದಳು.

"ಹದಿಮೂರು ದಿನ," ಎಂದಳು. "ಹದಿಮೂರು ದಿನದಾಗ ಮಂದಿ ಅತ್ತು ಕರದು, ಸೂತಕ ಕಳಕೊಂಡು ಎದ್ದ ಬಿಡ್ತಾರ. ನಾ ಇವತ್ತ ಸುರು ಮಾಡ್ಬೇಕು. ನಾಯಿಗಿ ಸಾವು ಬರ್ತದ ಶಿವಪ್ಪ, ಅದಕ್ಕ ನಿಮ್ಮನ್ನ ಏನೂ ಅನ್ನಂಗಿಲ್ಲ. ನಾ ಅಳೂ ದಿನ ನೀವು ನನ್ನ ನಗಿಸಿದ್ರಿ. ವಾರ್ಡಿನ ಮಂದೀನೆಲ್ಲ ನಗಿಸಿದೆ ನಾ, ನಿಮ್ಮ ಮಾತ ಹೇಳಿ."

ಚಾಳಿನ ಮುಂದೆ ಇಳಿಸಲು ಕೈ ಕೊಟ್ಟರೆ ಹಿಡಿಯಲಿಲ್ಲ. ಪಕ್ಕದ ಮನೆಯ ಬಾಗಿ ಎಂಬವಳು ಬಂದು ಹಿಡಿದುಕೊಂಡಳು. ಕಾಶವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಹೋದೆ, ಅದರ ಮರುದಿನವೂ ಹೋದೆ, ತೆರೆಯಲಿಲ್ಲ. ಒಳಗೆ ವಾಕರ್ ನೆಲಕ್ಕೆ ತಾಕುವ ಸದ್ದು ಕೇಳುತ್ತಿತ್ತು. ಲೇಲೆ ಬಾಯಿಯವರಿಗೆ ನಡೆದದ್ದನ್ನು ಚುಟುಕಾಗಿ ಹೇಳಿದೆ. ಅವರು ಬೈಯಲಿಲ್ಲ. "ಶಿವಪ್ಪಾ, ಆತಾ ತಿಕಡೇ ಜಾವೂ ನಕೋಸ್" ಎಂದು, ಇನ್ನು ಆ ಕಡೆ ಹೋಗಬೇಡ ಎಂದಷ್ಟೇ ಹೇಳಿ, ಪಟ್ಟಿಯಲ್ಲಿ ಆ ಮನೆಯ ಮುಂದಿನ ನನ್ನ ಹೆಸರು ಹೊಡೆದುಹಾಕಿದರು.

ಹೋದ ಸೋಮವಾರ ಬಾಗಿಯ ಕೈಲಿ ಕಾಶವ್ವ ಹೇಳಿಕಳಿಸಿದಳು, ಮಣ್ಣು ಮಾಡಿದ ಜಾಗ ತೋರಿಸಬೇಕಂತೆ. ರಿಕ್ಷಾದಲ್ಲಿ ಖಾಡಿಯ ತನಕ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಆ ದಂಡೆಗೆ ಯಾರೋ ಲಾರಿಗಟ್ಟಲೆ ಕೆಡವಿದ ಕಟ್ಟಡದ ಕಸ ತಂದು ಸುರಿದಿದ್ದರು. ಒಡೆದ ಇಟ್ಟಿಗೆ, ಸಿಮೆಂಟಿನ ಗಡ್ಡೆಗಳ ಕೆಳಗೆ ಎಲ್ಲಿ ಎಂದು ನನಗೇ ಗೊತ್ತಾಗಲಿಲ್ಲ. ಒಂದು ಜಾಗ ತೋರಿಸಿ ಇದೇ ಎನ್ನಬಹುದಿತ್ತು. "ಗೊತ್ತಾಗವಲ್ದು ಕಾಶವ್ವ, ಈ ಕಡೆ ಎಲ್ಲೋ" ಎಂದೆ. ಅವಳು ತಲೆಯಾಡಿಸಿ, ಒಂದು ಕಲ್ಲಿನ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಿಸಿಲು ಇಳಿಯುವ ತನಕ ಅತ್ತಳು. ನಾನು ದೂರ ನಿಂತಿದ್ದೆ.

ಗುರುವಾರ ಅವಳ ಅಕ್ಕನ ಮಗ ಯಂಕಣ್ಣ ಬಂದು ಅವಳನ್ನು ಸಿಂದಗಿಗೆ ಕರೆದುಕೊಂಡು ಹೋದ. ಇನ್ನು ಒಬ್ಬಳೇ ಇರಲಾರೆ ಎಂದಳಂತೆ. ನನ್ನನ್ನು ಕರೆದಿರಲಿಲ್ಲ, ಆದರೂ ಕಲ್ಯಾಣ ಸ್ಟೇಷನ್ನಿಗೆ ಹೋದೆ. ಸೊಲ್ಲಾಪುರದ ಗಾಡಿಯ ಕಿಟಕಿಯಲ್ಲಿ ಕೂತಿದ್ದಳು, ಮುಖ ಬತ್ತಿತ್ತು. ಗಾಡಿ ಅಲುಗಾಡಿದಾಗ, "ನಿಮ್ಮ ಮನ್ಯಾಗ ಆರಾಮ ಅದಾರೇನು?" ಎಂದು ಕೇಳಿದಳು. "ಆರಾಮ" ಎಂದೆ. ಗಾಡಿ ಹೊರಟಿತು.

ಇಷ್ಟೇ ಸುದ್ದಿ. ಲೋಕುಮಲ್ ಅಜ್ಜನ ಗಿಳಿಯ ಪಂಜರ ತೊಳೆಯಲು ಈಗಲೂ ಹೋಗುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಂಡು, ಮನಸ್ಸಿಟ್ಟು ಓದು. ನಿನ್ನ ಗೆಳತಿಯರಿಗೂ ವಾರ್ಡನ್ ಬಾಯಿಯವರಿಗೂ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಪ್ಪ,
ಶಿವಪ್ಪ

ತಾ. ಕ.: ಸೋಮವಾರ ಬೆಳಿಗ್ಗೆ, ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಅಂಟಿಸಿದ ಲಕೋಟೆ ಹರಿದು ತೆಗೆದೆ. ಹಿಂದಿನ ಎರಡು ಪತ್ರಗಳಲ್ಲಿ ನಿನ್ನ ಅವ್ವ ಆರಾಮ ಇದ್ದಾಳೆ ಎಂದು ಬರೆದದ್ದು ಸುಳ್ಳು ಶೈಲಾ. ಕಾಶವ್ವನಿಗೆ ಸ್ಟೇಷನ್ನಿನಲ್ಲಿ ಹೇಳಿದ್ದೂ ಸುಳ್ಳೇ. ಸೆಪ್ಟೆಂಬರಿನಲ್ಲಿ ನಿನ್ನ ಅವ್ವನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆ ಮಾಡಿಸಿದ್ದಾರೆ, ಕೆಟ್ಟ ಗಂಟೇ. ಡಿಸೆಂಬರ್ ನಾಲ್ಕಕ್ಕೆ ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ಮುದುಕಿಗೆ ಖರೇ ಹೇಳ್ರಿ ಎಂದವಳು ನಿನ್ನ ವಿಷಯದಲ್ಲಿ ಮಾತ್ರ, ಪರೀಕ್ಷೆ ಮುಗಿಯುವ ತನಕ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಆಣೆ ಮುರಿದಿದ್ದೇನೆ, ಮನೆಗೆ ಹೋಗಿ ಅವಳಿಗೂ ಹೇಳುತ್ತೇನೆ. ಈಗಲೇ ಬರುತ್ತೀಯೋ ಪರೀಕ್ಷೆ ಬರೆದು ಬರುತ್ತೀಯೋ ನೀನೇ ನಿರ್ಧರಿಸು, ನಾನು ಏನೂ ಹೇಳುವುದಿಲ್ಲ. ಡಾಕ್ಟರ್ ಕೊಟ್ಟ ಕಾಗದಗಳ ನಕಲು ಇದರಲ್ಲಿ ಇಟ್ಟಿದ್ದೇನೆ. ಎಲ್ಲ ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ, ನಿನಗೆ ಬರುತ್ತದೆ. ಏನು ಬರೆದಿದೆ ಎಂದು ನನಗೆ ಇದ್ದದ್ದು ಇದ್ದ ಹಾಗೆ ತಿಳಿಸು.